ಇತಿಹಾಸದಲ್ಲಿ ಫೇಲಾದ ಹಂಪಿ ಗೈಡ್

ನಾನು ಕೂರುತ್ತಿದ್ದ ಕಿಟಕಿಯಲ್ಲಿ ಈಗ ಒಬ್ಬ ಹೊಸ ಹುಡುಗಿ ಕೂತಿದ್ದಾಳೆ. ಪಿಂಚಣಿಯ ಯಾವುದೋ ಕಾಗದಕ್ಕೆಂದು ಮೊನ್ನೆ ಆಫೀಸಿಗೆ ಹೋಗಿದ್ದಾಗ ಚಹಾ ತರಿಸಿಕೊಟ್ಟು, “ಮೇಡಂ, ಈ ಕೆಲಸದಾಗ ಮೊದಲು ಏನು ಕಲೀಬೇಕ್ರಿ?” ಎಂದು ಕೇಳಿದಳು. “ಮೊದಲು ಆ ಕಿಟಕಿ ಪೂರ್ತಿ ತೆಗಿಯವ್ವ. ಅರ್ಧ ತೆಗೆದ ಕಿಟಕಿ ಮುಂದ ಬಂದೋರು ಅರ್ಧ ಮಾತೇ ಆಡ್ತಾರ” ಎಂದೆ. ಅವಳು ನಕ್ಕಳು. ನಾನು ನಗಿಸಲು ಹೇಳಿದ್ದಲ್ಲ. ಉಳಿದ ಅರ್ಧ ಮಾತಿನಲ್ಲೇ ನಮ್ಮ ಕೆಲಸವೆಲ್ಲ ಇರುತ್ತದೆ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಅವಳೂ ಓದಲಿ, ಅವಳ ಹಾಗೆ ಹೊಸದಾಗಿ ಬಂದವರೂ ಓದಲಿ.

ನಮ್ಮದು ಸರ್ಕಾರಿ ವಿಶ್ವವಿದ್ಯಾಲಯವೊಂದರ ದೂರಶಿಕ್ಷಣದ ಅಧ್ಯಯನ ಕೇಂದ್ರ, ಹೊಸಪೇಟೆಯಲ್ಲಿ. ನಾನಿದ್ದದ್ದು ವಿದ್ಯಾರ್ಥಿ ಸೇವೆ ವಿಭಾಗ. ಹೆಸರೇನೋ ಚೆನ್ನಾಗಿದೆ. ವಿಭಾಗ ಅಂದರೆ ನಾನು, ಒಂದು ಮೇಜು, ಸದಾ ಕೆಟ್ಟಿರುವ ಒಂದು ಪ್ರಿಂಟರ್. “ಬುಕ್ಕು ಬಂದಿಲ್ಲ”, “ಹಾಲ್ ಟಿಕೆಟ್‌ನಾಗ ನನ್ನ ಹೆಸರಿಗೆ ಯಾರದೋ ಮೀಸಿ ಫೋಟೋ ಬಂದೈತಿ”, “ಪರೀಕ್ಷೆ ದಿನಾನೇ ತಂಗಿ ಮದುವಿ ಇಟ್ಟಾರ, ಪರೀಕ್ಷೆ ಮುಂದ ಹಾಕ್ರಿ” — ಇವಕ್ಕೆಲ್ಲ ಉತ್ತರ ಕೊಡುವುದೇ ಸೇವೆ. ನನಗೆ ಯಾವಾಗ ಬಡ್ತಿ ಬಂತು, ಯಾವಾಗ ತಪ್ಪಿತು ಅನ್ನುವುದನ್ನು ಬಿಡೋಣ. ಅದರಿಂದ ನಿಮಗೆ ಮೂರು ಕಾಸಿನ ಉಪಯೋಗವಿಲ್ಲ.

ಆಗ ಪಾಠದ ಪುಸ್ತಕಗಳು ಅಂಚೆಯಲ್ಲಿ ಬಂಡಲ್ಲುಗಟ್ಟಲೆ ಹೋಗುತ್ತಿದ್ದವು. ಒಮ್ಮೆ ಎಂ.ಎ. ಕನ್ನಡದ ಬಂಡಲ್ಲನ್ನು ನಾನು ಸಂಡೂರಿನ ಬಿ.ಕಾಂ. ಹೆಣ್ಣುಮಗಳೊಬ್ಬಳಿಗೆ ಕಳಿಸಿಬಿಟ್ಟಿದ್ದೆ. ಅವಳು ಗೊತ್ತಾದ ಕೂಡಲೇ ವಾಪಸ್ ಕಳಿಸಬೇಕಲ್ಲ? ಇಲ್ಲ. ಪೂರ್ತಿ ಓದಿ, ಪರೀಕ್ಷೆ ಹತ್ತಿರ ಬಂದಾಗ ತಾನೇ ಹೊತ್ತು ತಂದಳು. “ಭಾಳ ಚೆಂದ ಅದಾವ್ರಿ ಪುಸ್ತಕ. ಆದ್ರ ಲೆಕ್ಕ ಎಲ್ಲೂ ಬರ್ಲೇ ಇಲ್ಲ ನೋಡ್ರಿ” ಎಂದಳು. ಈಗ ಎಲ್ಲವೂ ಮೊಬೈಲಿಗೆ ಬರುತ್ತದೆ, ತಪ್ಪು ಬಂಡಲ್ ಹೋಗುವ ಮಾತೇ ಇಲ್ಲ. ಒಳ್ಳೆಯದೇ ಆಯಿತು. ಬಂಡಲ್ ಕಟ್ಟಿ ಕಟ್ಟಿ ಬೆರಳೆಲ್ಲ ಸುತಲಿ ದಾರದ ಗೀರು ಬೀಳುತ್ತಿದ್ದುದನ್ನು ನೆನೆದರೆ ಆ ಕಾಲ ಚೆನ್ನಾಗಿತ್ತು ಅಂತ ನಾನಂತೂ ಹೇಳುವುದಿಲ್ಲ.

ಭಾನುವಾರ ಸಂಪರ್ಕ ತರಗತಿ. ಊರಿನ ಒಂದು ಕಾಲೇಜಿನ ಕೋಣೆಗಳನ್ನು ತೆಗೆದುಕೊಳ್ಳುತ್ತಿದ್ದೆವು. ದೋಣಿಮಲೈ ಗಣಿಯವರು ರಾತ್ರಿ ಪಾಳಿ ಮುಗಿಸಿ ನೇರ ಬಸ್ಸಿಳಿದು ಬಂದು, ಕೂತಲ್ಲೇ ನಿದ್ದೆ ಹೋಗುತ್ತಿದ್ದರು. ಕಂಪ್ಲಿಯ ಅಕ್ಕಿ ಗಿರಣಿ ಗುಮಾಸ್ತರು, ಯಶವಂತನಗರದ ಲಾರಿ ಆಫೀಸಿನವರು, ಅಂಗನವಾಡಿ ಕಾರ್ಯಕರ್ತೆಯರು, ಕಂಕುಳಲ್ಲಿ ಕೂಸು ಇಟ್ಟುಕೊಂಡ ತಾಯಂದಿರು. ಇತಿಹಾಸ ಹೇಳಲು ಬರುತ್ತಿದ್ದ ಸುಧಾ ಮೇಡಂ ಮೊದಲನೇ ಭಾನುವಾರ ನನ್ನ ಹತ್ತಿರ ಬಂದು, “ಪದ್ಮಕ್ಕ, ನನ್ನ ಪಾಠ ಅಷ್ಟು ಬೇಸರಾನ? ಹಿಂದಿನ ಸಾಲು ಪೂರಾ ಗೊರಕಿ” ಎಂದು ಕಣ್ಣು ತುಂಬಿಕೊಂಡರು. “ಅವರು ಮಲಗಾಕ ಮನಿಗೆ ಹೋಗಬಹುದಿತ್ತಲ್ಲವ್ವ, ನಿನ್ನ ಕ್ಲಾಸಿಗೆ ಬಂದಾರ” ಎಂದೆ. ಆಮೇಲೆ ಅವರು ಪರೀಕ್ಷೆಗೆ ಬರುವ ಪ್ರಶ್ನೆ ಹೇಳುವಾಗ ಮಾತ್ರ ಮೇಜು ಬಡಿದು ಎಬ್ಬಿಸುವುದು ಕಲಿತರು.

ನಮ್ಮ ಸಂಯೋಜಕರು ಶ್ರೀನಿವಾಸಮೂರ್ತಿ ಅಂತ, ಮೈಸೂರು ಕಡೆಯವರು. ನನ್ನ ಮೇಲಿನವರು. ಯಾವುದನ್ನು ಕೇಳಿದರೂ “ರೂಲು ಏನು ಹೇಳತ್ತೆ?” ಅನ್ನುತ್ತಿದ್ದರು. ಅವರಿಗೂ ನನಗೂ ದಿನಕ್ಕೊಂದು ಜಗಳ. ಸುಮ್ಮನೆ ಹೇಳುತ್ತಿಲ್ಲ, ಜಗಳವಾಗದ ದಿನ ಇಬ್ಬರಿಗೂ ಊಟ ಸೇರುತ್ತಿರಲಿಲ್ಲ. ನಾನು ಹೇಳಹೊರಟಿರುವುದು ಅಂಥ ದಿನಗಳ ಒಂದು ವಿಷಯ. ಹುಲುಗಪ್ಪನೆಂಬ ಹಂಪಿಯ ಗೈಡ್ ಬಿ.ಎ. ಆದದ್ದು.

ಪ್ರವೇಶದ ಗದ್ದಲದಲ್ಲಿ ಒಂದು ಬೆಳಿಗ್ಗೆ ಒಬ್ಬ ಹೆಂಗಸು ಕಿಟಕಿಗೆ ಮೊಣಕೈ ಊರಿ ನಿಂತಳು. ಹೆಸರು ನಾಗವೇಣಿ, ಕಮಲಾಪುರದಲ್ಲಿ ಮನೆ, ಹೊಲಿಗೆ ಕೆಲಸ.

“ಅಕ್ಕಾರ, ನಮ್ಮನಿಯವ್ರನ್ನ ಬಿಎ ಮಾಡ್ಬೇಕ್ರಿ.”

“ಅವರೇ ಬರಬೇಕವ್ವ. ಸಹಿ ಬೇಕು, ಫೋಟೋ ಬೇಕು.”

“ಬಂದಾರ್ರಿ. ಹೊರಗ ಗಾಡಿ ಹತ್ರ ಟವೆಲ್ಲು ಮುಖಕ್ಕ ಸುತ್ಗೊಂಡು ನಿಂತಾರ. ನಾಚಿಕಿ.”

“ಓದೂದಕ್ಕ ಯಾತರ ನಾಚಿಕಿ?”

“ಮದುವಿಯಾಗ ಬಿಎ ಆಗೇತಿ ಅಂತ ಹೇಳ್ಯಾರಲ್ರಿ ಮಹರಾಯರು!”

ಸಾಲಿನಲ್ಲಿ ಹಿಂದೆ ನಿಂತವರೆಲ್ಲ ಕಿವಿ ನೆಟ್ಟಗೆ ಮಾಡಿಕೊಂಡರು. ನಾಗವೇಣಿ ಯಾರಿಗೂ ಹೆದರಿ ದನಿ ತಗ್ಗಿಸುವವಳಲ್ಲ. ಅವಳ ತಂದೆ ಕಂಪ್ಲಿಯ ಹನುಮಂತಪ್ಪ ಮೇಷ್ಟ್ರು, ನಿವೃತ್ತ ಮುಖ್ಯೋಪಾಧ್ಯಾಯರು. ಹೆಣ್ಣು ನೋಡಲು ಹೋದ ದಿನ ಮೇಷ್ಟ್ರು, “ಏನು ಓದೀಯಪಾ?” ಎಂದರಂತೆ. ಪ್ರವಾಸಿಗಳು ಕೇಳಿದಾಗಲೆಲ್ಲ “ಬಿಎ, ಹಿಸ್ಟ್ರಿ” ಅಂತ ಹೇಳಿ ಹೇಳಿ ರೂಢಿಯಾಗಿದ್ದ ಹುಲುಗಪ್ಪ ಅಲ್ಲಿಯೂ ಅದನ್ನೇ ಹೇಳಿಬಿಟ್ಟ. ಓದಿದ್ದು ಪಿಯುಸಿ. ಮದುವೆಯಾದ ಮೇಲೆ ಯಾವುದಕ್ಕೋ ಸರ್ಟಿಫಿಕೇಟ್ ಬೇಕಾಗಿ ಕೇಳಿದಾಗ ಸುಳ್ಳು ಹೊರಬಿತ್ತು. ನಾಗವೇಣಿ ಅತ್ತಳು, ಕೂಗಾಡಿದಳು, ಮಾತು ಬಿಟ್ಟಳು. ಆದರೆ ತವರಿಗೆ ಮಾತ್ರ ತಿಳಿಸಲಿಲ್ಲ.

“ಇವ್ರು ಕೆಟ್ಟೋರಲ್ರಿ ಅಕ್ಕಾರ. ಬಾಯಿ ಮುಂದ, ಬುದ್ಧಿ ಹಿಂದ. ಅಪ್ಪ ಊರೆಲ್ಲ ‘ನನ್ನ ಅಳಿಯ ಬಿಎ’ ಅಂತ ಹೇಳ್ಕೊಂಡು ಅಡ್ಡಾಡ್ತಾರ. ಅದನ್ನ ಕೇಳಿದಾಗೆಲ್ಲ ನನ್ನ ಎದಿಯಾಗ ಮುಳ್ಳಾಡ್ಸಿದಂಗ ಆಕ್ಕೇತಿ. ಅವರಿಗೆ ವಯಸ್ಸಾತು. ಅವರು ಇರಾಗ್ಲೇ ನಾ ಖರೇ ಹೇಳ್ಬೇಕ್ರಿ. ಬರೇ ‘ಸುಳ್ಳು ಹೇಳಿದ್ರು’ ಅಂದ್ರ ಆ ಜೀವ ನೊಂದೀತು. ಪಾಸು ಮಾಡಿಸಿ, ಸರ್ಟಿಫಿಕೇಟ್ ಅವರ ಕೈಯಾಗಿಟ್ಟು ಹೇಳ್ತೀನಿ.”

ನನಗೆ ಅವಳು ಆ ಕ್ಷಣವೇ ಹಿಡಿಸಿದಳು. ಎದ್ದು ಹೊರಗೆ ಹೋಗಿ, ಟವೆಲ್ಲು ಸುತ್ತಿಕೊಂಡಿದ್ದವನನ್ನು ನಾನೇ ಕರೆತಂದೆ. ಟವೆಲ್ಲು ಬಿಚ್ಚಿದರೆ ಒಳಗೆ ನಗುಮುಖದ, ಬಿಸಿಲಿಗೆ ಕಪ್ಪಾದ ಗಂಡಸು. ಸಹಿ ಮಾಡುವಾಗಲೂ ನನ್ನ ಮೇಜಿನ ಮೇಲೆ ಕಾಗದ ಹಾರದಂತೆ ಇಟ್ಟಿದ್ದ ಕಲ್ಲು ಎಲ್ಲಿಯದು, ಯಾವ ಕಾಲದ್ದು ಅಂತ ಹೇಳಲು ಶುರುಮಾಡಿದ. “ಸಹಿ ಮಾಡ್ರಿ ಸಾಕು!” ಎಂದಳು ನಾಗವೇಣಿ.

ಅಂದಿನಿಂದ ಪ್ರತಿ ಭಾನುವಾರ ಗಂಡನನ್ನು ಅವಳೇ ಕರೆತಂದು ಕೂರಿಸುತ್ತಿದ್ದಳು. ಅವನು ತಪ್ಪಿಸಿಕೊಂಡು ಹೋಗದಂತೆ ಬೆಂಚಿನ ತುದಿಯಲ್ಲಿ ತಾನು ಕೂರುತ್ತಿದ್ದಳು. ಶ್ರೀನಿವಾಸಮೂರ್ತಿಯವರು, “ನೋಂದಣಿ ಇಲ್ಲದವರು ತರಗತಿಯಲ್ಲಿ ಕೂರೋ ಹಾಗಿಲ್ಲ ಕಣ್ರೀ, ರೂಲು” ಎಂದರು. ಮುಂದಿನ ವಾರ ನಾಗವೇಣಿ ದೊಡ್ಡ ಡಬ್ಬಿಯಲ್ಲಿ ಮಂಡಕ್ಕಿ ಒಗ್ಗರಣೆ, ಬಿಸಿ ಮಿರ್ಚಿ ಭಜಿ ತಂದು ಮೊದಲ ತಟ್ಟೆಯನ್ನು ಅವರ ಕೋಣೆಗೇ ಕಳಿಸಿದಳು. ರೂಲಿನ ಮಾತು ಅಲ್ಲಿಗೆ ನಿಂತಿತು. ಮಿರ್ಚಿ ವಾಸನೆಗೆ ದೋಣಿಮಲೈಯವರೂ ತಾವಾಗಿಯೇ ಎಚ್ಚರವಾಗುತ್ತಿದ್ದರು.

ಹುಲುಗಪ್ಪ ದಡ್ಡನಲ್ಲ. ಕನ್ನಡ ಪಾಸು. ರಾಜ್ಯಶಾಸ್ತ್ರ ಪಾಸು. ಫ್ರಾನ್ಸಿನ ಕ್ರಾಂತಿ, ಯುರೋಪಿನ ಯುದ್ಧಗಳು, ಆಧುನಿಕ ಭಾರತ, ಎಲ್ಲ ಪಾಸು. ವಿಜಯನಗರ ಸಾಮ್ರಾಜ್ಯದ ಪತ್ರಿಕೆ ಫೇಲು! ಬೇರೆ ಯಾವುದರಲ್ಲೋ ಅಲ್ಲ, ದಿನಾ ಬೆಳಗಾದರೆ ಮಂದಿಗೆ ತೋರಿಸುವ ಹಂಪಿಯಲ್ಲಿಯೇ.

ನಾಗವೇಣಿ ಕಿಟಕಿಗೆ ಬಂದಳು. “ಕಾಣದ ಊರಾಗ ಪಾಸು, ಹುಟ್ಟಿದ ಊರಾಗ ಫೇಲು ಅಂದ್ರ ಏನ್ರಿ ಅಕ್ಕಾರ ಇದರ ಅರ್ಥ? ನಿಮ್ಮೋರು ಪೇಪರ್ ಅದಲುಬದಲು ಮಾಡ್ಯಾರ.”

ನನಗೂ ಹಾಗೇ ಅನ್ನಿಸಿತು. ಉತ್ತರ ಪತ್ರಿಕೆಯ ನಕಲು ತರಿಸುವ ಅವಕಾಶವಿದೆ, ಹೊಸಬರು ಇದನ್ನು ಮರೆಯಬೇಡಿ. ಎಷ್ಟೋ ಮಕ್ಕಳಿಗೆ ಅದು ಗೊತ್ತೇ ಇರುವುದಿಲ್ಲ. ತರಿಸಿದೆವು. ಬರಹ ಹುಲುಗಪ್ಪನದೇ. ಪ್ರಶ್ನೆ, ವಿಜಯನಗರದ ನೀರಾವರಿ ವ್ಯವಸ್ಥೆಯನ್ನು ವಿವರಿಸಿ. ಉತ್ತರ ಹೀಗೆ ಶುರುವಾಗಿತ್ತು: “ಎಲ್ಲರೂ ಬಂದಿರಾ? ಹಿಂದೆ ಯಾರೂ ಉಳಿದಿಲ್ಲ ತಾನೇ? ಹಾಗಾದರೆ ಈ ಕಡೆ ನೆರಳಿಗೆ ಬನ್ನಿ. ನೀರಿನ ವಿಷಯಕ್ಕೆ ಹೋಗುವ ಮೊದಲು ಒಬ್ಬ ರಾಣಿಯ ಕಥೆ ಹೇಳುತ್ತೇನೆ.”

ರಾಣಿ ಸ್ನಾನಕ್ಕೆ ಹೊರಟಳು. ಕಿವಿಯ ಓಲೆ ಕಳೆದುಕೊಂಡಳು. ದಾಸಿಯ ಮೇಲೆ ಸಂಶಯಪಟ್ಟಳು. ದಾಸಿಯ ಪ್ರಿಯಕರ ಕುದುರೆ ಹತ್ತಿ ಬಂದ. ಪುಟಗಳ ಮೇಲೆ ಪುಟಗಳು ಮುಗಿದವು, ಒಂದು ಹನಿ ನೀರು ಬರಲಿಲ್ಲ. ಕೊನೆಯಲ್ಲಿ, “ಫೋಟೋ ತೆಗೆದುಕೊಳ್ಳುವವರು ಈಗ ತೆಗೆದುಕೊಳ್ಳಬಹುದು” ಎಂದು ಬರೆದಿದ್ದ. ಅಲ್ಲಿ ಮೌಲ್ಯಮಾಪಕರು ಕೆಂಪು ಶಾಯಿಯಲ್ಲಿ ಹಾಳೆ ಹರಿಯುವಂತೆ ಗೀರು ಎಳೆದಿದ್ದರು. ಉಳಿದ ಪ್ರಶ್ನೆಗಳನ್ನು ಮುಟ್ಟಲು ಹೊತ್ತೇ ಇರಲಿಲ್ಲ.

ಶ್ರೀನಿವಾಸಮೂರ್ತಿಯವರು ಅದನ್ನು ಗಟ್ಟಿಯಾಗಿ ಓದುತ್ತ ಓದುತ್ತ, ಕನ್ನಡಕ ತೆಗೆದು, ಹೊಟ್ಟೆ ಹಿಡಿದುಕೊಂಡು ನಕ್ಕರು. ಅಷ್ಟು ವರ್ಷದಲ್ಲಿ ಅವರ ಹಲ್ಲು ಕಂಡದ್ದು ಅಂದೇ. “ಆಮೇಲೆ ಆ ಓಲೆ ಸಿಕ್ಕಿತೇನ್ರೀ?” ಎಂದು ಹುಲುಗಪ್ಪನನ್ನು ಕೇಳಿದರು.

“ಸಿಕ್ತ್ರಿ ಸರ್. ಮೀನಿನ ಹೊಟ್ಟಿಯಾಗ.”

“ಅಲ್ಲಪ್ಪ, ಯಾಕ ಹಿಂಗ ಬರದಿ?” ಎಂದೆ ನಾನು, ನಗು ತಡೆಯಲಾಗದೆ.

“ಏನ್ ಮಾಡ್ಲಿ ಅಕ್ಕಾರ. ಫ್ರಾನ್ಸ್ ಅಂದ್ರ ಬುಕ್ಕು ಕಣ್ಮುಂದ ಬರ್ತೈತಿ, ಬರೀತೀನಿ. ಹಂಪಿ ಅಂದ ಕೂಡ್ಲೆ ಮಂದಿ ಬಂದು ನಿಂತಂಗಾಕ್ಕೇತಿ. ಮಂದಿ ನಿಂತ್ರು ಅಂದ್ರ ನಾ ಹೆಂಗ ಕತಿ ಬಿಡ್ಲಿ?”

ಅವನ ಮಾತು ನಿಜ. ಹಂಪಿಯ ಒಬ್ಬೊಬ್ಬ ಗೈಡಿಗೂ ತನ್ನದೇ ಆದ ಕಥೆ ಇರುತ್ತದೆ. ಅದು ಪುಸ್ತಕದಲ್ಲಿರಬೇಕೆಂದೇನೂ ಇಲ್ಲ. ಬಿಸಿಲಲ್ಲಿ ನಿಂತವರು ನಿಂತೇ ಇರಬೇಕಲ್ಲ, ಅದಕ್ಕೆ. ಮಂದಿಯನ್ನು ಹಿಡಿದು ನಿಲ್ಲಿಸುವುದೇ ಅವನ ಹೊಟ್ಟೆಪಾಡು, ಪರೀಕ್ಷೆಯಲ್ಲಿ ಅದೇ ಅವನ ಕಾಲಿಗೆ ತೊಡರುತ್ತಿತ್ತು.

ಸುಧಾ ಮೇಡಂ, “ಪಾಯಿಂಟ್ಸ್ ಹಾಕಿ ಬರೀರಿ, ಕಥೆ ತಾನೇ ನಿಲ್ತದ” ಎಂದು ಕಲಿಸಿದರು. ಮುಂದಿನ ಸಲ ಹುಲುಗಪ್ಪ ಬಲು ವಿಧೇಯನಾಗಿ ಅಂಕಿ ಹಾಕಿದ. ಒಂದು, ಎಲ್ಲರೂ ಬಂದಿರಾ. ಎರಡು, ನೆರಳಿಗೆ ಬನ್ನಿ. ಮತ್ತೆ ಫೇಲು. ಅದರ ಮುಂದಿನ ಸಲ ನಾಗವೇಣಿ ಸಿಟ್ಟಿಗೆದ್ದು, ಒಂದಕ್ಷರ ಕಥೆ ಬರೆಯುವುದಿಲ್ಲ ಅಂತ ಹುಲಿಗೆಮ್ಮ ದೇವಿಯ ಮೇಲೆ ಆಣೆ ಮಾಡಿಸಿದಳು. ಕಥೆ ಬಿಟ್ಟರೆ ಅವನಿಗೆ ಕೈಯೇ ಓಡಲಿಲ್ಲ. ಹೆಚ್ಚುಕಡಿಮೆ ಖಾಲಿ ಹಾಳೆ ಕೊಟ್ಟು ಬಂದ. ಬಂದವನು ನನ್ನ ಕಿಟಕಿಯ ಕೆಳಗೆ ನೆಲದ ಮೇಲೆ ಕೂತುಬಿಟ್ಟ. ಅವನನ್ನು ನಗುವಿಲ್ಲದೆ ಕಂಡು ನನಗೆ ಸಂಕಟವಾಯಿತು.

ಆಗ ಶ್ರೀನಿವಾಸಮೂರ್ತಿಯವರು ನನ್ನನ್ನು ಒಳಗೆ ಕರೆದರು. “ಪದ್ಮಾವತಿಯವರೇ, ಇವರ ನೋಂದಣಿ ಅವಧಿ ಮುಗೀತಾ ಬಂತು. ಇನ್ನೊಂದೇ ಅವಕಾಶ. ಅದೂ ಹೋದ್ರೆ ಪಾಸಾಗಿರೋ ಪತ್ರಿಕೆಗಳೂ ಹೋದ್ವು. ಮತ್ತೆ ಮೊದಲಿಂದ.”

“ಒಂದು ಪತ್ರಿಕೆಗೋಸ್ಕರ ಎಲ್ಲಾನೂ ತೆಗೆದು ಹಾಕ್ತೀರಾ? ಯಾವ ಸೀಮೆ ರೂಲು ಸರ್ ಇದು?” ಎಂದು ನಾನು ಹರಿಹಾಯ್ದೆ.

“ನಾನು ಬರೆದದ್ದಲ್ಲ ಕಣ್ರೀ. ನನ್ನ ಮೇಲೆ ಯಾಕೆ ಕೂಗ್ತೀರ?” ಎಂದರು. ಅವರ ಮುಖವೂ ಸಪ್ಪಗಿತ್ತು.

ನಾಗವೇಣಿಗೆ ತಿಳಿಸಿದಾಗ ಅವಳು ಜಗಳವಾಡುತ್ತಾಳೆಂದು ನಾನು ಸೊಂಟ ಕಟ್ಟಿ ನಿಂತಿದ್ದೆ. ಅವಳು ಆಡಲಿಲ್ಲ. ಮೆಲ್ಲಗೆ, “ಅಪ್ಪ ಈಗೀಗ ಮನಿ ಎದುರಿನ ಗಿರಣಿ ತನಕ ಹೋಗೂದನ್ನೂ ಬಿಟ್ಟಾರ್ರಿ. ಮತ್ತ ಮೊದ್ಲಿಂದ ಓದಿಸಾಕ ನನಗ ಟೈಮ್ ಐತೇನ್ರಿ?” ಎಂದಳು.

ದಾರಿ ಸಿಕ್ಕಿದ್ದು ನಮ್ಮ ಮನೆಯ ನೆಂಟರಿಂದ. ಹುಬ್ಬಳ್ಳಿಯಿಂದ ನಮ್ಮ ಅಣ್ಣ, ಅತ್ತಿಗೆ ಬಂದಿದ್ದರು. ಹಂಪಿ ನೋಡಬೇಕು, ಆದರೆ ಮಧ್ಯಾಹ್ನವೇ ರೈಲು. ಎದ್ದದ್ದು ತಡ, ತಿಂಡಿ ತಡ, ಅತ್ತಿಗೆಯ ಸೀರೆ ಆರಿಸಿದ್ದು ಇನ್ನೂ ತಡ. ನಾನು ಹುಲುಗಪ್ಪನಿಗೆ ಫೋನ್ ಮಾಡಿದೆ. ಅವನು ದಾರಿಯಲ್ಲಿ ನಿಂತಿದ್ದವನು, ನಮ್ಮನ್ನು ಕಂಡೊಡನೆ, “ಗಾಡಿ ಎಷ್ಟಕ್ಕೈತ್ರಿ?” ಎಂದ. ಹೇಳಿದೆವು. ಗಡಿಯಾರ ನೋಡಿದ. “ಹಂಗಾರ ಕತಿ ಬ್ಯಾಡ. ನಡೀರಿ ನಡೀರಿ.”

ನಡೆಯುತ್ತಲೇ ಹೇಳತೊಡಗಿದ. “ನೋಡ್ರಿ, ಹೊಳಿಗೆ ಅಡ್ಡ ಕಟ್ಟಿ. ಕಟ್ಟಿಯಿಂದ ಕಾಲಿವಿ. ಕಾಲಿವಿಯಿಂದ ಕೆರಿ. ಕೆರಿಯಿಂದ ಕಲ್ಲಿನ ತೂಬು, ತೂಬಿನಿಂದ ಈ ಪುಷ್ಕರಣಿ. ಊರಿಗೆ ಕುಡ್ಯಾಕ ಬ್ಯಾರೆ, ಹೊಲ-ಗದ್ದಿಗೆ ಬ್ಯಾರೆ, ಅರಮನಿಗೆ ಬ್ಯಾರೆ. ಕೆಲವು ಕಾಲಿವಿ ಈಗ್ಲೂ ಹರೀತಾವ, ಅದರಾಗ ಬಾಳಿ, ಭತ್ತ ಬೆಳೀತಾರ. ಮುಂದ ಬರ್ರಿ.” ಅಣ್ಣ ಒಂದು ಪ್ರಶ್ನೆ ಕೇಳಿದ. ಒಂದೇ ಮಾತಿನಲ್ಲಿ ಉತ್ತರ ಬಂತು. ರಾಣಿಯಿಲ್ಲ, ಓಲೆಯಿಲ್ಲ, ಮೀನಿಲ್ಲ.

ನಾನು ನಡುದಾರಿಯಲ್ಲಿ ನಿಂತುಬಿಟ್ಟೆ. “ಏ ಹುಲುಗಪ್ಪಾ! ಇದನ್ನ ಬರಿಯೋ ಮಾರಾಯ! ಇದ ಉತ್ತರ!”

“ಇದಾ? ಇದು ರೈಲಿಗೆ ಹೋಗೋರಿಗೆ ಹೇಳೂದ್ರಿ ಅಕ್ಕಾರ. ಇದ್ರಾಗ ಏನೈತಿ? ಸಪ್ಪನ ಸಾರು.”

“ಮೌಲ್ಯಮಾಪಕರಿಗೆ ಸಪ್ಪನ ಸಾರೇ ಬೇಕು. ಅವರ ಮುಂದ ಪತ್ರಿಕೆ ಗುಡ್ಡೆ ಬಿದ್ದಿರ್ತೈತಿ. ಅವರೂ ಗಾಡಿ ಹಿಡಿಯೋರೇ ಅಂತ ತಿಳ್ಕೋ!”

ಅತ್ತಿಗೆಗೆ ನಾವು ಏನು ಮಾತಾಡುತ್ತಿದ್ದೇವೆಂದು ಕೊನೆಗೂ ಅರ್ಥವಾಗಲಿಲ್ಲ. ರೈಲೇನೋ ಸಿಕ್ಕಿತು.

ಮರುದಿನವೇ ಆಫೀಸಿನಲ್ಲಿ ಅಭ್ಯಾಸ ಶುರು. ಸುಧಾ ಮೇಡಂ ಪ್ರಶ್ನೆ ಓದಬೇಕು, ಹುಲುಗಪ್ಪ ಬರೆಯಬೇಕು. ಆದರೆ ಮುಂದೆ ರೈಲಿಗೆ ಹೋಗುವವರು ಯಾರಾದರೂ ನಿಂತಿರಬೇಕಲ್ಲ? ನಾನು ನಿಂತೆ. “ನೀವು ನಿಂತ್ರ ಕತಿ ಹೇಳ್ಬೇಕು ಅನ್ನಿಸ್ತೈತ್ರಿ ಅಕ್ಕಾರ, ನೀವು ಕೇಳೋರು” ಎಂದ. ನಾಗವೇಣಿ ನಿಂತಳು. ಅವಳನ್ನು ನೋಡಿದರೆ ಭಯಕ್ಕೆ ಎಲ್ಲ ಮರೆತುಹೋಗುತ್ತಿತ್ತು. ಆಗ ಒಳಗಿನ ಕೋಣೆಯ ಬಾಗಿಲು ತೆರೆಯಿತು. ಶ್ರೀನಿವಾಸಮೂರ್ತಿಯವರು ಹೆಗಲಿಗೆ ಚೀಲ, ಕಂಕುಳಲ್ಲಿ ಛತ್ರಿ ಇಟ್ಟುಕೊಂಡು ಬಂದು ಅವನ ಮೇಜಿನ ಮುಂದೆ ನಿಂತರು.

“ರೀ ಗೈಡ್! ನನ್ನ ಟ್ರೇನು ಹೊರಟೋಗತ್ತೆ. ಬೇಗ ಹೇಳ್ರೀ, ನೀರಾವರಿ ಏನು?”

ಹುಲುಗಪ್ಪ ಪೆನ್ನು ಹಿಡಿದ. ಸಂಯೋಜಕರು ಕಾಲು ಬದಲಿಸುವುದೇನು, ಗಡಿಯಾರ ನೋಡುವುದೇನು, “ಆಯ್ತಾ? ಸೈನ್ಯದ ವಿಷಯ? ಬೇಗ ಬೇಗ!” ಎಂದು ಛತ್ರಿಯಿಂದ ಮೇಜು ಕುಟ್ಟುವುದೇನು! ಹುಲುಗಪ್ಪನ ಪೆನ್ನು ಸರಸರ ಓಡುತ್ತಿತ್ತು. ಉತ್ತರ ಓದಿದ ಸುಧಾ ಮೇಡಂ ಹಾಳೆಯನ್ನು ಎದೆಗೊತ್ತಿಕೊಂಡು, “ಪದ್ಮಕ್ಕಾ, ಇದಕ್ಕ ನಾನಾದ್ರ ಕಣ್ಣುಮುಚ್ಚಿ ಪಾಸ್ ಮಾಡ್ತೀನಿ” ಎಂದರು. ಪರೀಕ್ಷೆಯವರೆಗೂ ಸಂಜೆಯಾಯಿತೆಂದರೆ ನಮ್ಮ ಸಂಯೋಜಕರು ಚೀಲ ಹೆಗಲಿಗೇರಿಸಿ ರೈಲಿಗೆ ಹೊರಡುತ್ತಿದ್ದರು. ಇದು ಯಾವ ರೂಲಿನಲ್ಲಿದೆ ಸರ್ ಎಂದು ನಾನು ಕೇಳಿದೆ. “ಬೇಡ ಅಂತಾನೂ ಎಲ್ಲೂ ಬರೆದಿಲ್ಲ” ಎಂದರು. ಆವತ್ತು ನಾನು ಅವರ ಜೊತೆ ಜಗಳವಾಡಲಿಲ್ಲ.

ಪರೀಕ್ಷೆಯ ದಿನ ನಾಗವೇಣಿ ಕಾಲೇಜಿನ ಬೇವಿನ ಮರದ ಕೆಳಗೆ ಕೂತಿದ್ದಳು. ನಾನು ಹಾಲ್ ಟಿಕೆಟ್ ಕಳೆದುಕೊಂಡವರ ಗೋಳು ಮುಗಿಸಿ ಅವಳ ಪಕ್ಕ ಹೋಗಿ ಕೂತೆ. ಇನ್ನೂ ಹೊತ್ತು ಬೇಕಾದಷ್ಟಿತ್ತು. ನೋಡುತ್ತೇವೆ, ಹುಲುಗಪ್ಪ ಮೆಟ್ಟಿಲಿಳಿದು ಬರುತ್ತಿದ್ದಾನೆ! ಮತ್ತೆ ಖಾಲಿ ಹಾಳೆ ಕೊಟ್ಟನೇ ದೇವರೇ ಅಂದುಕೊಂಡೆ. ನಾಗವೇಣಿ ಎದ್ದು ಓಡಿದಳು.

“ಯಾಕ ಬಂದ್ರಿ? ಇನ್ನೂ ಮಂದಿ ಬರ್ಯಾಕ ಹತ್ಯಾರ! ಯಾಕ ಎದ್ದು ಬಂದ್ರಿ?”

“ಎಲ್ಲಾ ಪ್ರಶ್ನಿಗೂ ಬರದ್ನಲ್ಲೇ. ಗಾಡಿ ಹೋತು, ಇನ್ನ ಯಾರಿಗೆ ಹೇಳ್ಲಿ?” ಎಂದ, ಏನೂ ಆಗದವನ ಹಾಗೆ.

ಅವಳು ಅಲ್ಲೇ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ನಾನು ಅವನಿಗೆ ಬೈದೆ. ಬೈದು ಮುಗಿದ ಮೇಲೆ ಮೂವರೂ ಹೋಗಿ ಚಹಾ ಕುಡಿದೆವು.

ಫಲಿತಾಂಶ ಬರುವತನಕ ನನಗೆ ಸರಿಯಾಗಿ ನಿದ್ದೆ ಇಲ್ಲ. ಆಗ ಫಲಿತಾಂಶ ಕಂಪ್ಯೂಟರಿನಲ್ಲಿ ಬರಲು ಶುರುವಾಗಿತ್ತು. ಬಂದ ದಿನ ಅದು ತಿರುಗುತ್ತದೆ, ತಿರುಗುತ್ತದೆ, ತೆರೆಯುವುದೇ ಇಲ್ಲ. ಗಂಡ ಹೆಂಡತಿ ಕಿಟಕಿಯ ಹೊರಗೆ, ಸಂಯೋಜಕರು ನನ್ನ ಕುರ್ಚಿಯ ಹಿಂದೆ. ತೆರೆಯಿತು. ಪಾಸು. ಮೇಲಕ್ಕೇನೂ ಹೋಗಿರಲಿಲ್ಲ, ಗೆರೆ ದಾಟಿದ್ದ ಅಷ್ಟೇ. ನಾನು “ಪಾಸಾತವ್ವಾ!” ಎಂದು ಕೂಗಿದ್ದು ಹೊರಗಿನ ರಸ್ತೆಗೂ ಕೇಳಿಸಿತಂತೆ. ನಾಗವೇಣಿ ಗಂಡನ ಬೆನ್ನಿಗೆ ದಬದಬ ಗುದ್ದಿದಳು. ನಗುತ್ತಿದ್ದಳೋ ಅಳುತ್ತಿದ್ದಳೋ ಅವಳಿಗೇ ಗೊತ್ತಿರಲಿಲ್ಲ. ಶ್ರೀನಿವಾಸಮೂರ್ತಿಯವರು ಹೊರಗೆ ಹೋಗಿ ಅವನ ಕೈ ಕುಲುಕಿ, ಅಲ್ಲಿದ್ದವರಿಗೆಲ್ಲ ಸ್ವಂತ ಖರ್ಚಿನಲ್ಲಿ ಚಹಾ ಹೇಳಿದರು. ಅದ್ಭುತ ಅಂದರೆ ಇದೇ.

ಆದರೆ ಕಠಿಣವಾದದ್ದು ಇನ್ನೂ ಉಳಿದಿತ್ತು. ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ನಾಗವೇಣಿ ನನ್ನ ಕೈ ಹಿಡಿದುಕೊಂಡಳು. “ನೀವೂ ಬರ್ರಿ ಅಕ್ಕಾರ. ನೀವಿದ್ರ ಅಪ್ಪ ಇವರಿಗೆ ಜಾಸ್ತಿ ಬೈಯಾಂಗಿಲ್ಲ.” ಇಂಥದಕ್ಕೆಲ್ಲ ನಮಗೆ ಯಾರೂ ರಜೆ ಕೊಡುವುದಿಲ್ಲ. ಆದರೂ ಹೋಗಿ ಅಂತಲೇ ಹೊಸಬರಿಗೆ ಹೇಳುತ್ತೇನೆ. ನಾನು ಹೋದೆ.

ಕಂಪ್ಲಿಯಲ್ಲಿ ಮೇಷ್ಟ್ರ ಮನೆ ಅಕ್ಕಿ ಗಿರಣಿಯೊಂದರ ಎದುರಿಗೆ. ಮೇಷ್ಟ್ರು ಪಡಸಾಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತಿದ್ದರು. ತೆಳ್ಳಗೆ, ನೆಟ್ಟಗೆ, ಮನೆಯಲ್ಲಿಯೂ ಇಸ್ತ್ರಿ ಅಂಗಿ. “ಬರ್ರಿ ಅಮ್ಮಾರ, ಕುಂದ್ರಿ” ಎಂದರು. ನಾಗವೇಣಿ ನೀರೂ ಕುಡಿಯಲಿಲ್ಲ. ಸರ್ಟಿಫಿಕೇಟನ್ನೂ ಅಂಕಪಟ್ಟಿಯನ್ನೂ ಅವರ ಕೈಯಲ್ಲಿಟ್ಟಳು. ಕಾಲ ಬಳಿ ಕೂತಳು.

“ಅಪ್ಪ, ಇವ್ರು ಮದುವಿಯಾಗ ಬಿಎ ಆಗಿರ್ಲಿಲ್ಲ. ಸುಳ್ಳು ಹೇಳಿದ್ರು. ನನಗ ಆಮ್ಯಾಲ ಗೊತ್ತಾತು, ನಾನೂ ನಿಮಗ ಮುಚ್ಚಿಟ್ಟೆ. ಈಗ ಆಗ್ಯಾರ.”

ಹುಲುಗಪ್ಪ ಬಾಗಿಲ ಬಳಿ ತಲೆ ತಗ್ಗಿಸಿ ನಿಂತಿದ್ದ. ಮೇಷ್ಟ್ರು ಕನ್ನಡಕ ಏರಿಸಿ ಅಂಕಪಟ್ಟಿಯನ್ನು ಒಂದೊಂದೇ ಸಾಲು ಬೆರಳಿಟ್ಟು ಓದಿದರು. ಒಂದು ಕಡೆ ಬೆರಳು ನಿಂತಿತು.

“ವಿಜಯನಗರದಾಗ ಯಾಕಪಾ ಇಷ್ಟು ಕಮ್ಮಿ? ಹಂಪಿಯಾಗ ಇದ್ದು?”

“ಕತಿ ಬರಿಯೂದು ಬಿಡಾಕ ಆಗ್ಲಿಲ್ರಿ ಮಾವ.”

“ಎಷ್ಟು ಸಲ ಕಟ್ಟಿದಿ?”

“ಭಾಳ ಸಲ್ರಿ.”

“ಯಾರು ಓದ್ಸಿದ್ರು?”

“ನಿಮ್ಮ ಮಗಳ್ರಿ.”

ಮೇಷ್ಟ್ರು ಕನ್ನಡಕ ತೆಗೆದು ಪಂಚೆಯ ಅಂಚಿನಲ್ಲಿ ಒರೆಸಿದರು. “ಸುಳ್ಳು ಹೇಳಿ ಸಿಕ್ಕಿಬಿದ್ದ ಹುಡುಗ್ರನ್ನ ಸಾಲಿಯಾಗ ಭಾಳ ಕಂಡೀನ್ರಿ ಅಮ್ಮಾರ” ಎಂದು ನನ್ನ ಕಡೆ ತಿರುಗಿದರು. “ಹೇಳಿದ ಸುಳ್ಳನ್ನ ಖರೇ ಮಾಡಾಕ ಕುಂತು ಓದಿದವನ್ನ ಇವನೊಬ್ಬನ್ನ ಕಂಡೆ.”

ಕುರ್ಚಿಯ ಕೈ ಹಿಡಿದು ಎದ್ದರು. ನಾಗವೇಣಿ ಹಿಡಿಯಲು ಹೋದರೆ ಕೈ ಕೊಡವಿದರು. ಸರ್ಟಿಫಿಕೇಟ್ ಹಿಡಿದುಕೊಂಡೇ ಹೆಜ್ಜೆಯ ಮೇಲೆ ಹೆಜ್ಜೆಯಿಟ್ಟು ಅಂಗಳ ದಾಟಿ ಬಾಗಿಲಿಗೆ ಹೋದರು. ಎದುರಿಗೆ ಗಿರಣಿಯ ಮಾಲೀಕ ಶರಣಪ್ಪನವರು ನಾಲ್ಕಾರು ಮಂದಿಯೊಡನೆ ಕಟ್ಟೆಯ ಮೇಲೆ ಕೂತಿದ್ದರು.

“ಏ ಶರಣಪ್ಪಾ! ನಮ್ಮ ಅಳಿಯ ಬಿಎ ಪಾಸಾದ್ನಪಾ!”

ಶರಣಪ್ಪ ತಲೆ ಕೆರೆದುಕೊಂಡರು. “ಅದೇನ್ ಮೇಷ್ಟ್ರೇ? ಅವ್ರು ಮದುವಿಗಿಂತ ಮುಂಚೇನೇ ಬಿಎ ಅಂತ ನೀವ ಊರಿಗೆಲ್ಲಾ ಹೇಳಿದ್ರಲ್ಲ?”

ನಾಗವೇಣಿ ನನ್ನ ತೋಳು ಗಟ್ಟಿಯಾಗಿ ಹಿಡಿದಳು. ಮೇಷ್ಟ್ರು ಮಾತ್ರ ದನಿಯನ್ನು ಒಂದಿಷ್ಟೂ ತಗ್ಗಿಸಲಿಲ್ಲ.

“ಅವಾಗ ನಾ ಹೇಳಿದ್ದೆ. ಈಗ ಅವ ಪಾಸಾಗ್ಯಾನ. ಬಾ, ಬಾಯಿ ಸಿಹಿ ಮಾಡ್ಕೋ!”